ಮೀನಿನ ತೊಟ್ಟಿಯ ಅಲೆಯಂತ್ರವೂ ಅದರ ವೇಗನಿಯಂತ್ರಣವೂ

ಕಲಾ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನು ವಿದ್ಯುತ್ತಿನ ಮೋಟಾರಿನ ವಿಷಯವಾಗಿ ಲೇಖನ ಬರೆಯಹೊರಟಿರುವುದನ್ನು ಕಂಡು ಕೆಲವು ಮಿತ್ರರು ನಕ್ಕಾರು. ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಕುರಿತು ನಾಲ್ಕು ಪುಟ ಬರೆದಿದ್ದರೆ ನನಗೂ ಸುಲಭವಾಗುತ್ತಿತ್ತು. ಆದರೆ ಕಳೆದ ವರ್ಷ ನನ್ನ ಕೈಯಿಂದಲೇ ಒಂದು ಪ್ರಮಾದ ನಡೆದು, ಅದರ ಕಾರಣವನ್ನು ತಿಳಿಯಲು ನಾನು ಪಟ್ಟ ಪಾಡು ಯಾವ ಪರೀಕ್ಷೆಗೂ ಪಟ್ಟುದಲ್ಲ. ಆ ತಿಳಿವಳಿಕೆಯನ್ನು ನನ್ನಂತೆಯೇ ವಿಜ್ಞಾನದ ಗಂಧವಿಲ್ಲದ ಸಹಪಾಠಿಗಳೊಡನೆ ಹಂಚಿಕೊಳ್ಳುವುದಷ್ಟೇ ಇಲ್ಲಿನ ಉದ್ದೇಶ. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

ನಾನು ಭಾನುವಾರಗಳಲ್ಲಿ ಕುಶಾಲನಗರದ ಒಂದು ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ತೊಟ್ಟಿಗಳ ಗಾಜು ಉಜ್ಜುವುದು, ನೀರು ಬದಲಿಸುವುದು, ಗಿರಾಕಿಗಳಿಗೆ ಮೀನು ಹಿಡಿದುಕೊಡುವುದು, ಇವೇ ಕೆಲಸ. ಅಲ್ಲಿ 'ವೇವ್ ಮೇಕರ್' ಎಂದು ಕರೆಯುವ ಒಂದು ಸಣ್ಣ ಸಾಧನವಿದೆ. ಇದನ್ನು ನಾವು ಅಲೆಯಂತ್ರವೆನ್ನೋಣ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೋಟಾರು, ಅದರ ಮುಂದೆ ಪಂಜರದೊಳಗೆ ತಿರುಗುವ ಮೂರು ನಾಲ್ಕು ರೆಕ್ಕೆಗಳು, ಗಾಜಿಗೆ ಹಿಡಿದುಕೊಳ್ಳುವ ಒಂದು ಬಟ್ಟಲು. ಪ್ಲಗ್ಗು ಚುಚ್ಚಿದೊಡನೆ ತೊಟ್ಟಿಯ ನೀರೆಲ್ಲ ಓಡತೊಡಗುತ್ತದೆ.

ನೀರು ಏಕೆ ಓಡಬೇಕು? ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಬಂಡೆಯಿಂದ ಬಂಡೆಗೆ ಬಿದ್ದು ನೊರೆಗಟ್ಟುವ ಹೊಳೆಯಲ್ಲಿ ಗಾಳಿ ನೀರಿನೊಳಕ್ಕೆ ಬೆರೆಯುತ್ತದೆ. ಅದರಲ್ಲಿನ ಆಮ್ಲಜನಕವನ್ನೇ ಮೀನು ಕಿವಿರುಗಳಿಂದ ಹೀರಿ ಬದುಕುತ್ತದೆ. ಕಾವೇರಿಯ ಮಹಶೀರ್ ಇಂಥ ಓಟದ ನೀರನ್ನೇ ಬಯಸುವ ಮೀನು. ಕುಶಾಲನಗರದಿಂದ ಕೆಳಕ್ಕೆ, ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ, ದೇವರ ಮೀನುಗಳೆಂದು ಭಕ್ತರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಕಾವೇರಿಯ ದೊಡ್ಡ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. (ಹೊಳೆಯಿಂದ ಹಿಡಿದ ಮರಿಗಳನ್ನು ತಂದು ಮಾರಲು ಬರುವವರುಂಟು. ನಮ್ಮ ಅಂಗಡಿಯಲ್ಲಿ ಅವರನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತೇವೆ.) ಸಮುದ್ರದ ಹವಳಗಳಿಗಂತೂ ನೀರಿನ ಚಲನೆಯೇ ಜೀವ. ನೆಲೆಬಿಟ್ಟು ಕದಲಲಾರದ ಅವುಗಳ ಬಾಯಿಗೆ ಆಹಾರ ತರುವುದೂ ಕಸ ಒಯ್ಯುವುದೂ ಅಲೆಗಳೇ. ಅಲೆಯಂತ್ರವು ಮೊದಲು ಬಳಕೆಗೆ ಬೇಕಾದದ್ದು ಅಂಥ ಉಪ್ಪುನೀರಿನ ತೊಟ್ಟಿಗಳಿಗೇ.

ಇನ್ನೊಂದು ಮಾತು. ನೀರು ಬೆಚ್ಚಗಾದಷ್ಟೂ ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. 20 ಡಿಗ್ರಿ ಶಾಖದಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಆದಕಾರಣ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ತೊಟ್ಟಿಯ ನೀರನ್ನು ಅಲುಗಾಡಿಸುವುದು ಹೆಚ್ಚು ಅವಶ್ಯ. ನನ್ನ ಪ್ರಮಾದ ನಡೆದುದೂ ಅಂಥ ಒಂದು ಏಪ್ರಿಲಿನಲ್ಲಿಯೇ.

ಅಂಗಡಿಯ ಮುಂಭಾಗದಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯೊಂದಿದೆ. ಸುಮಾರು 240 ಲೀಟರು ನೀರು ಹಿಡಿಯುತ್ತದೆ. ಅದಕ್ಕೆ ಗಂಟೆಗೆ 3000 ಲೀಟರು ನೀರು ತಳ್ಳುವುದೆಂದು ಪೆಟ್ಟಿಗೆಯ ಮೇಲೆ ಬರೆದಿದ್ದ ಅಲೆಯಂತ್ರವನ್ನು ಹಾಕಿದ್ದರು. ಎಂದರೆ ತೊಟ್ಟಿಯ ನೀರೆಲ್ಲ ಗಂಟೆಗೆ ಹನ್ನೆರಡು ಸಲಕ್ಕೂ ಮಿಗಿಲಾಗಿ ಸುತ್ತಬೇಕು. ಅದರೊಳಗಿದ್ದುದು ಉದ್ದ ಬಾಲದ ಗೋಲ್ಡ್‌ಫಿಷ್‌ಗಳು. ಸೆರಗಿನಂತೆ ಜೋಲುವ ಬಾಲವನ್ನು ಹೊತ್ತು ಮೆಲ್ಲನೆ ಸರಿದಾಡುವ ಬಡಪಾಯಿಗಳು. ಅವು ಹಗಲಿರುಳು ಪ್ರವಾಹಕ್ಕೆ ಎದುರೀಜಿ ದಣಿದು, ಒಂದು ಮೂಲೆಗೆ ಗಾಜಿಗೆ ಒತ್ತಿಕೊಂಡು ನಿಲ್ಲುತ್ತಿದ್ದುವು. ನೋಡಲಾರದೆ ನಾನು ಒಂದು ಉಪಾಯ ಮಾಡಿದೆನು.

ಗೋಡೆಯ ಸ್ವಿಚ್ ಬೋರ್ಡಿನಲ್ಲಿ ಕೆಟ್ಟುಹೋದ ಫ್ಯಾನೊಂದರ ರೆಗ್ಯುಲೇಟರು ಸುಮ್ಮನೆ ಇತ್ತು. ಫ್ಯಾನನ್ನು ನಿಧಾನ ಮಾಡುವ ವಸ್ತು ಅಲೆಯಂತ್ರವನ್ನೂ ನಿಧಾನ ಮಾಡಲೇಬೇಕಲ್ಲವೆ? ಯಜಮಾನರಿಗೆ ಹೇಳದೆ ಅದರ ತಂತಿಯನ್ನು ಪಕ್ಕದ ಪ್ಲಗ್ಗಿಗೆ ಜೋಡಿಸಿ, ಅಲ್ಲಿಗೆ ಅಲೆಯಂತ್ರವನ್ನು ಸಿಕ್ಕಿಸಿದೆನು. ಅಲ್ಲಿದ್ದ ಗಾಳಿಗುಳ್ಳೆಯ ಪಂಪಿನ ಪ್ಲಗ್ಗನ್ನು ಕಿತ್ತೆನು, ಸ್ಥಳವಿರಲಿಲ್ಲ. ಗುಂಡಿಯನ್ನು ಮೂರಕ್ಕೆ ತಿರುಗಿಸಿದಾಗ ಯಂತ್ರ ಗರಗರ ಸದ್ದು ಮಾಡಿತಾದರೂ ನೀರು ಸೌಮ್ಯವಾದಂತೆ ತೋರಿತು. ಮೀನುಗಳು ಮೂಲೆ ಬಿಟ್ಟು ಈಚೆಗೆ ಬಂದುವು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಮನೆಗೆ ಹೋದೆನು.

ಆ ರಾತ್ರಿ ಗುಡುಗು ಮಳೆಗೆ ವಿದ್ಯುತ್ತು ಹೋಗಿ, ಸ್ವಲ್ಪ ಹೊತ್ತಿಗೆ ಬಂದಿತಂತೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅಲೆಯಂತ್ರ ನಿಂತಿತ್ತು, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆರು ಮೀನುಗಳಲ್ಲಿ ನಾಲ್ಕು ಮೇಲಕ್ಕೆ ತೇಲಿದ್ದುವು. ಉಳಿದೆರಡು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿ ನುಂಗುತ್ತಿದ್ದುವು. ಯಂತ್ರದ ಬೆಲೆ, ಮೀನಿನ ಬೆಲೆ ಎಂದು ನನ್ನ ಆರು ಭಾನುವಾರಗಳ ಕೂಲಿ ವಜಾ ಆಯಿತು. ಯಜಮಾನರನ್ನು ದೂರುವಂತಿಲ್ಲ, ತಪ್ಪು ನನ್ನದು. ಆದರೆ ಆ ಹಣ ಪರೀಕ್ಷಾ ಶುಲ್ಕಕ್ಕೆಂದು ಎಣಿಸಿಟ್ಟುದಾಗಿತ್ತು. ಮನೆಯಲ್ಲಿ ಹೇಳಲೇಬೇಕಾಯಿತು.

ನನ್ನ ತಂದೆ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸಗಾರರು. ನಾವಿರುವುದು ತೋಟದ ಲೈನ್ ಮನೆಯಲ್ಲಿ. ಅವರು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಆದರೆ ಫೆಬ್ರವರಿ ಮಾರ್ಚಿಯಲ್ಲಿ ಕಾಫಿ ಹೂ ಬಿಡಿಸಲು ಸ್ಪ್ರಿಂಕ್ಲರ್ ಹೊಡೆಯುವ ಕಾಲಕ್ಕೆ ಕೆರೆಯ ಬಳಿಯ ಡೀಸೆಲ್ ಪಂಪು ಅವರ ಕೈಯಲ್ಲಿಯೇ ಇರುತ್ತದೆ. ನನ್ನ ಕಥೆಯನ್ನೆಲ್ಲ ಕೇಳಿ ಅವರು ಗದರಲಿಲ್ಲ. ರೈಟರ ಹತ್ತಿರ ಮುಂಗಡ ಕೇಳಿ ಶುಲ್ಕ ಕಟ್ಟೋಣವೆಂದರು. ಆಮೇಲೆ ಕೇಳಿದರು: "ಅಲ್ಲ ಮಗ, ಅದರ ಸ್ಪೀಡು ಯಾವುದರಿಂದ ಬರ್ತದೆ ಅಂತ ನೋಡದೆ ಅದನ್ನ ಕಮ್ಮಿ ಮಾಡೋಕೆ ಹೋದ್ಯಲ್ಲ? ಓದಿದವನು ನೀನು."

ಈ ಮಾತು ನನ್ನನ್ನು ನಿದ್ದೆಗೆಡಿಸಿತು. ಡೀಸೆಲ್ ಯಂತ್ರದ ವೇಗ ಎಣ್ಣೆಯಿಂದ ಬರುತ್ತದೆ. ಎಣ್ಣೆ ತಗ್ಗಿಸಿದರೆ ವೇಗ ತಗ್ಗುತ್ತದೆ. ಅವರಿಗೆ ಅದು ಗೊತ್ತು. ಅಲೆಯಂತ್ರದ ವೇಗ ಯಾವುದರಿಂದ ಬರುತ್ತದೆ? ಮೂರು ವರ್ಷ ಕಾಲೇಜು ಓದಿದ ನನಗೆ ಗೊತ್ತಿರಲಿಲ್ಲ.

ಸತ್ತ ಯಂತ್ರವನ್ನು ಜೇಬಿನಲ್ಲಿಟ್ಟುಕೊಂಡು ಮೋಟಾರು ವೈಂಡಿಂಗ್ ಮಾಡುವ ಅಂಗಡಿಯೊಂದಕ್ಕೆ ಹೋದೆನು. ಅಲ್ಲಿನ ಅಣ್ಣ ಅದನ್ನು ಕಂಡು ನಕ್ಕು, "ಇದನ್ನು ರಿಪೇರಿ ಮಾಡೋ ಹಾಗೇ ಇಲ್ಲ, ಒಳಗೆ ಅಂಟು ಎರೆದು ಮುಚ್ಚಿಬಿಟ್ಟಿದ್ದಾರೆ" ಎಂದರು. ಆದರೂ ಮುಂದಿನ ಪಂಜರ ಕಳಚಿ ರೆಕ್ಕೆಯನ್ನು ಹೊರಗೆಳೆದು ತೋರಿಸಿದರು. ರೆಕ್ಕೆಯ ಹಿಂದೆ ಸೀಮೆಸುಣ್ಣದ ತುಂಡಿನಷ್ಟು ಗಾತ್ರದ ಕಪ್ಪು ಉರುಳೆ. ಅದನ್ನು ಮೇಜಿನ ಮೇಲಿನ ಮೊಳೆಗಳ ಬಳಿ ಹಿಡಿದರೆ ಮೊಳೆಗಳೆಲ್ಲ ಹಾರಿ ಅಂಟಿಕೊಂಡುವು. ಅದು ಬರಿಯ ಅಯಸ್ಕಾಂತ! ತಂತಿಯ ಸುರುಳಿ ಇರುವುದು ಹೊರಗಿನ ಮುಚ್ಚಿದ ಕವಚದಲ್ಲಿ. ತಿರುಗುವ ಭಾಗಕ್ಕೆ ಯಾವ ತಂತಿಯೂ ಇಲ್ಲದಿರುವುದರಿಂದಲೇ ಅದು ನೀರಿನಲ್ಲಿ ಮುಳುಗಿ ತಿರುಗಬಲ್ಲುದು.

ಅವರು ವಿವರಿಸಿದುದನ್ನೂ ಆಮೇಲೆ ಪುಸ್ತಕಗಳಿಂದ ಓದಿ ಖಚಿತಪಡಿಸಿಕೊಂಡುದನ್ನೂ ಒಟ್ಟಿಗೆ ಹೇಳುತ್ತೇನೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಆದುದರಿಂದ ಸುರುಳಿಯೊಳಗಿನ ಕಾಂತದ ಉತ್ತರ ದಕ್ಷಿಣಗಳು ಸೆಕೆಂಡಿಗೆ 50 ಸಲ ಅದಲು ಬದಲಾಗಿ ಮತ್ತೆ ಮೊದಲಿನಂತಾಗುತ್ತವೆ. ನಡುವಿನ ಅಯಸ್ಕಾಂತ ಆ ಬದಲಾವಣೆಯೊಡನೆ ಹೆಜ್ಜೆ ಹಾಕುತ್ತ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000 ಸುತ್ತು, ಹಾಕುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದೇ ಬಗೆಯ ಮೋಟಾರು ಅಮೆರಿಕದಲ್ಲಿ, ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಸಲ ಬದಲಾಗುವುದರಿಂದ, ನಿಮಿಷಕ್ಕೆ 3600 ಸುತ್ತು ಸುತ್ತುತ್ತದೆ.

ಹುತ್ತರಿಯ ಕೋಲಾಟವನ್ನು ನೋಡದವರು ನಮ್ಮಲ್ಲಿ ವಿರಳ. ಕೋಲು ಕೋಲಿಗೆ ತಾಗುವುದು ವಾದ್ಯದ ಗತಿಗೆ ಸರಿಯಾಗಿ. ಆಟಗಾರನು ಕೋಲನ್ನು ಜೋರಾಗಿ ಹೊಡೆಯಲಿ, ಮೆಲ್ಲನೆ ತಾಗಿಸಲಿ, ಗತಿ ಬದಲಾಗುವುದಿಲ್ಲ. ತೀರ ಸೋತು ಕೈ ಎತ್ತಲಾರದೆ ಹೋದರೆ ಆಟ ನಿಧಾನವಾಗುವುದಿಲ್ಲ, ಕೆಡುತ್ತದೆ. ವೋಲ್ಟೇಜೆಂಬುದು ಕೈಯ ಬಲ. ಸೆಕೆಂಡಿನ 50 ಆವರ್ತಗಳೆಂಬುದು ವಾದ್ಯದ ಗತಿ. ರೆಗ್ಯುಲೇಟರು ತಗ್ಗಿಸುವುದು ಬಲವನ್ನು, ಗತಿಯನ್ನಲ್ಲ.

ಹಾಗಾದರೆ ಫ್ಯಾನು ಹೇಗೆ ನಿಧಾನವಾಗುತ್ತದೆ? ಫ್ಯಾನಿನ ಮೋಟಾರಿನಲ್ಲಿ ಅಯಸ್ಕಾಂತವಿಲ್ಲ. ಅದರ ತಿರುಗುವ ಭಾಗವು ಸುರುಳಿಗಳ ಸುತ್ತುವ ಕಾಂತಶಕ್ತಿಯನ್ನು ಬೆನ್ನಟ್ಟಿ ಓಡುತ್ತದೆ, ಎಂದೂ ಅದನ್ನು ಹಿಡಿಯುವುದಿಲ್ಲ. ಎಳೆಯುವ ಬಲ ತಗ್ಗಿದರೆ ಇನ್ನಷ್ಟು ಹಿಂದೆ ಬೀಳುತ್ತದೆ. ಹಿಂದೆ ಬೀಳಲು ಅದಕ್ಕೆ ಅವಕಾಶವಿದೆ, ಅಲೆಯಂತ್ರಕ್ಕೆ ಇಲ್ಲ. ನನ್ನ ತಪ್ಪೆಲ್ಲ ಇರುವುದು ಈ ಒಂದು ಭೇದವನ್ನು ಅರಿಯದೆ ಹೋದುದರಲ್ಲಿ.

ಆ ರಾತ್ರಿ ನಡೆದುದೂ ಈಗ ಸ್ಪಷ್ಟವಾಗುತ್ತದೆ. ಓಡುತ್ತಿದ್ದ ಅಯಸ್ಕಾಂತ ಅರೆಬಲದಲ್ಲಿಯೂ ಹೇಗೋ ಹೆಜ್ಜೆ ತಪ್ಪದೆ, ಗರಗರ ಎನ್ನುತ್ತ ಓಡುತ್ತಿತ್ತು. ವಿದ್ಯುತ್ತು ಹೋಗಿ ನಿಂತ ಮೇಲೆ, ನಿಂತ ಸ್ಥಿತಿಯಿಂದ ಒಮ್ಮೆಗೇ ಆ ಓಟಕ್ಕೆ ಏರುವ ಬಲ ಅದಕ್ಕೆ ಸಾಲಲಿಲ್ಲ. ಅಲ್ಲಿಯೇ ನಡುಗುತ್ತ ನಿಂತಿತು. ತಿರುಗುವ ಅಯಸ್ಕಾಂತ ಸುರುಳಿಯಲ್ಲಿ ಎದುರು ಒತ್ತಡವನ್ನು ಹುಟ್ಟಿಸಿ ಪ್ರವಾಹವನ್ನು ತಡೆದಿಡುತ್ತದೆ. ತಿರುಗದೆ ನಿಂತರೆ ಆ ತಡೆ ಇಲ್ಲ, ಸುರುಳಿ ಕಾದು ಸುಡುತ್ತದೆ. ಗಾಳಿಗುಳ್ಳೆಯನ್ನು ನಾನು ಮೊದಲೇ ಕಿತ್ತಿದ್ದೆ. ಮೀನುಗಳಿಗೆ ಉಸಿರಿನ ದಾರಿ ಎರಡೂ ಮುಚ್ಚಿದುವು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳದಿರಲಾರೆ. ಈ 50ರ ಗತಿಯನ್ನು ನಿಶ್ಚಯಿಸುವವರು ಯಾರು? ಕುಶಾಲನಗರದ ವಿದ್ಯುತ್ ಕೇಂದ್ರವಲ್ಲ, ಕರ್ನಾಟಕವೂ ಒಂದೇ ಅಲ್ಲ. 1902ರಲ್ಲಿ ಕಾವೇರಿಯ ನೀರಿನಿಂದಲೇ ಶಿವನಸಮುದ್ರದಲ್ಲಿ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ ಆ ಗತಿ ಆ ಒಂದು ಸಾಲಿನದಷ್ಟೇ ಆಗಿತ್ತು. ಆಮೇಲೆ ಸಾಲು ಸಾಲು ಕೂಡಿ ದಕ್ಷಿಣ ಭಾರತದ್ದೊಂದು ಜಾಲವಾಯಿತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಸಾಲು ದಕ್ಷಿಣದ ಜಾಲವನ್ನು ಉಳಿದ ದೇಶದ ಜಾಲಕ್ಕೆ ಬೆಸೆಯಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ಗತಿ. ಅದು 49.90ಕ್ಕೂ 50.05ಕ್ಕೂ ನಡುವೆ ಇರಬೇಕೆಂದು ನಿಯಮವಿದ್ದು, ಹಗಲಿರುಳು ಎಂಜಿನಿಯರುಗಳು ಕಾಯುತ್ತಿರುತ್ತಾರೆ. ಆದುದರಿಂದ ನಮ್ಮ ಅಂಗಡಿಯ ಅಲೆಯಂತ್ರವೂ ದೆಹಲಿಯ ಯಾವುದೋ ಮನೆಯ ಅಲೆಯಂತ್ರವೂ ಒಂದೇ ಹೆಜ್ಜೆಯಲ್ಲಿ ಸುತ್ತುತ್ತಿವೆ. ಇಷ್ಟು ದೊಡ್ಡ ಮೇಳವನ್ನು ನಾನು ಗೋಡೆಯ ಮೇಲಿನ ಒಂದು ಗುಂಡಿಯಿಂದ ನಿಧಾನ ಮಾಡಹೊರಟಿದ್ದೆ!

ಪ್ರಕೃತಕ್ಕೆ ಬರೋಣ. ಮೋಟಾರು ನಿಧಾನವಾಗದೆಂದ ಮೇಲೆ ನಿಧಾನ ಮಾಡಬೇಕಾದುದು ನೀರನ್ನು. ಈ ಪಾಠವನ್ನು ಹೇಳಿಕೊಟ್ಟವರು ನನ್ನ ತಂದೆಯೇ. ಸ್ಪ್ರಿಂಕ್ಲರಿನ ಬಾಯಿಗೆ ಸಣ್ಣ ನಾಜಲ್ ಹಾಕಿದರೆ ನೀರು ದೂರ ಚಿಮ್ಮುತ್ತದೆ, ದೊಡ್ಡದು ಹಾಕಿದರೆ ಹತ್ತಿರವೇ ಬೀಳುತ್ತದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಆಡಿದ ಮಕ್ಕಳೆಲ್ಲರಿಗೂ ಇದು ತಿಳಿದದ್ದೇ. ಅಷ್ಟೇ ನೀರು ಅಗಲವಾದ ಬಾಯಿಯಿಂದ ಹೊರಬಂದರೆ ಅದರ ವೇಗ ಕಡಿಮೆ. ಬಾಯಿಯ ಅಡ್ಡಳತೆ ಇಮ್ಮಡಿಯಾದರೆ ವಿಸ್ತಾರ ನಾಲ್ಮಡಿ, ಆಗ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಕೊಳವೆಯ ಬಾಯಿರುವ ಮುಳುಗುಪಂಪಾದರೆ ಅರ್ಧ ಇಂಚಿನ ಬಾಯಿಗೆ ಒಂದು ಇಂಚಿನ ಪಿವಿಸಿ ತುಂಡನ್ನು ರೆಡ್ಯೂಸರಿನಿಂದ ಜೋಡಿಸಬಹುದು. ಇಲ್ಲವೆ ಉದ್ದದ ಕೊಳವೆಗೆ ಸಾಲಾಗಿ ತೂತು ಕೊರೆದು ನೀರನ್ನು ಹತ್ತು ಕಡೆ ಹಂಚಬಹುದು.

ವಾಲ್ವು ಹಾಕಿ ನೀರನ್ನು ಬಿಗಿಯುವುದೂ ಒಂದು ದಾರಿಯೇ. ಆದರೆ ಎಲ್ಲಿ ಹಾಕಬೇಕು? ಒಳಬಾಯಿಗೋ, ಹೊರಬಾಯಿಗೋ? ನಾನು ಒಳಬಾಯಿಯನ್ನು ಅರ್ಧ ಮುಚ್ಚಿದರಾಯಿತಲ್ಲ ಎಂದೆ. ತಂದೆಯವರು ತಲೆಯಾಡಿಸಿ, "ಪಂಪಿಗೆ ನೀರು ಕುಡಿಯೋಕೆ ಅಡ್ಡ ಬರಬಾರದು, ಉಗುಳೋಕೆ ಅಡ್ಡ ಹಾಕಿದರೆ ತಡ್ಕೊಳ್ತದೆ" ಎಂದರು. ಪುಸ್ತಕದಲ್ಲಿಯೂ ಇದೇ ಇದೆ. ಒಳಬಾಯಿ ಬಿಗಿದರೆ ರೆಕ್ಕೆಯ ಹಿಂದೆ ಒತ್ತಡ ತೀರ ಕುಸಿದು ನೀರೊಳಗೆ ಆವಿಯ ಗುಳ್ಳೆಗಳೆದ್ದು ಒಡೆಯುತ್ತವೆ, ಪಂಪು ಸದ್ದು ಮಾಡಿ ಸವೆಯುತ್ತದೆ. ಪುಸ್ತಕ ಒಂದು ಪುಟದಲ್ಲಿ ಹೇಳಿದ್ದನ್ನು ಅವರು ಒಂದು ವಾಕ್ಯದಲ್ಲಿ ಮುಗಿಸಿದ್ದರು.

ಪಂಜರದ ಅಲೆಯಂತ್ರಕ್ಕೆ ಕೊಳವೆಯಿಲ್ಲ, ವಾಲ್ವೂ ಸಲ್ಲದು. ಅದನ್ನು ತೊಟ್ಟಿಯ ಉದ್ದಕ್ಕೆ ಮುಖ ಮಾಡಿಸದೆ ಹಿಂಬದಿಯ ಗಾಜಿಗೆ ಓರೆಯಾಗಿ ತಿರುಗಿಸಿಟ್ಟರೆ ಪ್ರವಾಹ ಗಾಜಿಗೆ ಬಡಿದು ಹರಡಿ ಮೆತ್ತಗಾಗುತ್ತದೆ. ಮುಂದೆ ಒಂದು ಕಲ್ಲನ್ನು ನಿಲ್ಲಿಸಿದರೆ ಕಲ್ಲಿನ ಮರೆಯಲ್ಲಿ ಮೀನಿಗೆ ತಂಗುದಾಣವಾಗುತ್ತದೆ. ಹೊಳೆಯಲ್ಲಿ ಮೀನು ಮಾಡುವುದೂ ಅದನ್ನೇ. ರೆಕ್ಕೆಯನ್ನು ಕತ್ತರಿಸಿ ಚಿಕ್ಕದು ಮಾಡುವವರುಂಟು. ತೂಕ ಒಂದು ಕಡೆಗೆ ವಾಲಿ ನಡುಗಡ್ಡಿ ಮುರಿಯುವ ಸಂಭವವಿರುವುದರಿಂದ ನಾನು ಒಪ್ಪುವುದಿಲ್ಲ. ಟೈಮರ್ ಇಟ್ಟು ನಿಮಿಷಕ್ಕೊಮ್ಮೆ ಆರಿಸಿ ಹಚ್ಚುವುದೂ ಒಳ್ಳೆಯದಲ್ಲ. ಈ ಮೋಟಾರು ಹೊರಡುವಾಗ ಬಲಕ್ಕೂ ತಿರುಗೀತು, ಎಡಕ್ಕೂ ತಿರುಗೀತು. ತಪ್ಪು ದಿಕ್ಕಿಗೆ ಹೊರಟರೆ ಒಳಗಿನ ಒಂದು ಸಣ್ಣ ತಡೆಗೆ ಬಡಿದು ಹಿಂದಿರುಗುತ್ತದೆ. ಹೊರಡುವಾಗ ಕೇಳುವ ಟಕಟಕ ಸದ್ದು ಅದೇ. ದಿನಕ್ಕೆ ನೂರಾರು ಸಲ ಹಾಗೆ ಬಡಿದರೆ ತಡೆ ಸವೆಯದೆ ಇದ್ದೀತೆ?

ಹೊಸ ಯಂತ್ರ ತಂದ ಮೇಲೆ ಯಜಮಾನರ ಅಪ್ಪಣೆ ಪಡೆದು (ಈ ಸಲ ಕೇಳಿಯೇ!) ನಾನೊಂದು ಅಳತೆ ಮಾಡಿದೆನು. ಒಣಗಿದ ಎಲೆಯ ಚೂರೊಂದನ್ನು ತೊಟ್ಟಿಯ ಒಂದು ತುದಿಯಲ್ಲಿ ಬಿಟ್ಟು, ಇನ್ನೊಂದು ತುದಿ ಮುಟ್ಟಲು ಹಿಡಿಯುವ ಕಾಲವನ್ನು ಫೋನಿನ ಗಡಿಯಾರದಲ್ಲಿ ನೋಡುವುದು. ಯಂತ್ರ ನೇರವಾಗಿದ್ದಾಗ ಎಲೆ ನಾಲ್ಕು ಸೆಕೆಂಡಿನಲ್ಲಿ ಓಡಿತು. ಗಾಜಿಗೆ ಓರೆಯಾಗಿಟ್ಟು ಮುಂದೆ ಕಲ್ಲು ನಿಲ್ಲಿಸಿದಾಗ ಹನ್ನೊಂದು ಸೆಕೆಂಡು. ಮೋಟಾರು ಎರಡು ಸಲವೂ ತನ್ನ 3000 ಸುತ್ತನ್ನೇ ಸುತ್ತುತ್ತಿತ್ತು.

ನಿಜವಾಗಿಯೂ ಮೋಟಾರಿನ ವೇಗವನ್ನೇ ಬದಲಿಸಬೇಕೆನ್ನುವವರಿಗೆ ಬೇರೆ ಜಾತಿಯ ಯಂತ್ರ ಬೇಕು. 12 ಅಥವಾ 24 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ ನಡೆಯುವ, 'ಡಿಸಿ' ಎಂದು ಕರೆಯುವ ಅಲೆಯಂತ್ರಗಳು ಈಗ ದೊರೆಯುತ್ತವೆ. ಅದರಲ್ಲಿಯೂ ನಡುವೆ ಅಯಸ್ಕಾಂತವೇ. ಆದರೆ ಸುತ್ತಲಿನ ಮೂರು ಗುಂಪು ಸುರುಳಿಗಳನ್ನು ಒಂದಾದ ಮೇಲೊಂದು ಹಚ್ಚಿ ಆರಿಸುವ ಕೆಲಸ ಒಂದು ಪುಟ್ಟ ಎಲೆಕ್ಟ್ರಾನಿಕ್ ಹಲಗೆಯದು. ಗತಿ ಹಿಡಿಯುವವನು ದೇಶದ ಜಾಲವಲ್ಲ, ಆ ಹಲಗೆ. ವಾದ್ಯ ನಮ್ಮ ಕೈಗೇ ಬಂದಂತಾಯಿತು. ಗುಂಡಿ ತಿರುಗಿಸಿದರೆ ಗತಿಯೇ ಬದಲಾಗುತ್ತದೆ. ಹಗಲು ಜೋರಾಗಿ, ಇರುಳು ಮೆಲ್ಲಗೆ, ಅಥವಾ ಏರಿ ಇಳಿದು ಸಮುದ್ರದ ಅಲೆಯಂತೆ ನಡೆಸಬಹುದು. ಕಾಫಿ ತೋಟಗಳ ಕೆಲವು ಸೌರ ಪಂಪುಗಳಲ್ಲಿಯೂ ಗತಿಯನ್ನೇ ಬದಲಿಸುವ ಇಂಥ ಪೆಟ್ಟಿಗೆಯಿರುತ್ತದೆ. ಆರು ವ್ಯಾಟಿನ ಸಣ್ಣ ಯಂತ್ರಕ್ಕೆ ಅಂಥದನ್ನು ಹೊರಗಿನಿಂದ ಕೂಡಿಸಹೋದರೆ ಮೂಗಿಗಿಂತ ಮೂಗುತಿ ಭಾರ. ಡಿಸಿ ಯಂತ್ರವನ್ನು ಅದರದೇ ನಿಯಂತ್ರಕದೊಡನೆ ಕೊಳ್ಳುವುದು ಲೇಸು.

ವೇಗ ತಗ್ಗಿಸುವುದರಲ್ಲಿ ಒಂದು ಲಾಭವೂ ಉಂಟು. ನೀರಿನ ಪ್ರಮಾಣ ವೇಗದಂತೆಯೇ ಇಳಿದರೆ, ತಿನ್ನುವ ವಿದ್ಯುತ್ತು ವೇಗದ ಘನದಂತೆ ಇಳಿಯುತ್ತದೆ. ವೇಗ ಅರ್ಧವಾದರೆ ನೀರು ಅರ್ಧ, ರೆಕ್ಕೆ ಬೇಡುವ ಶಕ್ತಿ ಎಂಟರಲ್ಲಿ ಒಂದು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ನಮ್ಮ ಪುಸ್ತಕದ ಯಾವ ರೇಖೆಯೂ ಇಷ್ಟು ಉದಾರವಾಗಿ ಇಳಿಯುವುದನ್ನು ನಾನು ಕಂಡಿಲ್ಲ. ವಾಲ್ವು ಬಿಗಿದು ನೀರು ತಗ್ಗಿಸಿದರೆ ಈ ಉಳಿತಾಯ ದೊರೆಯದು. ಆಗ ಮೋಟಾರು ಪೂರ್ಣ ವೇಗದಲ್ಲಿ ಓಡುತ್ತ ತಡೆಯೊಡನೆ ಸೆಣಸುತ್ತಿರುತ್ತದೆ.

ಎಚ್ಚರಿಕೆಯ ಒಂದೆರಡು ಮಾತು. 230 ವೋಲ್ಟಿನ ಯಂತ್ರ ನೀರಿನಲ್ಲಿರುವಾಗ ಪ್ಲಗ್ಗು ಕೀಳದೆ ತೊಟ್ಟಿಗೆ ಕೈಯಿಡಬಾರದು. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋಲುಬಿಟ್ಟು ಮೇಲಕ್ಕೆ ಒಯ್ಯಬೇಕು, ತಂತಿಯಗುಂಟ ಇಳಿದ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ. ನಾನು ಮಾಡಿದಂತೆ ಬೋರ್ಡಿನ ತಂತಿಯನ್ನು ಕಲಿಯದ ಕೈ ಮುಟ್ಟಲೇಬಾರದು. ಅಂದು ಮೀನು ಸತ್ತುವು. ನಾನೇ ಹೋಗಬಹುದಿತ್ತೆಂದು ಆ ವೈಂಡಿಂಗ್ ಅಣ್ಣ ಹೇಳಿದಾಗ ಮೈ ನಡುಗಿತು.

ಪರೀಕ್ಷೆ ಮುಗಿದ ವಾರ ತಂದೆ ಸಂತೆಗೆಂದು ಬಂದವರು ಅಂಗಡಿಗೂ ಬಂದರು. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲಿಯೇ ನಿಂತರು. ಯಜಮಾನರೇ ಕರೆದು ಕುರ್ಚಿ ಹಾಕಿದರು. ತಂದೆ ತೊಟ್ಟಿಯನ್ನು ಬಹಳ ಹೊತ್ತು ನೋಡಿದರು. ಉಳಿದ ಎರಡು ಗೋಲ್ಡ್‌ಫಿಷ್ ಕಲ್ಲಿನ ಮರೆಯಲ್ಲಿ ಬಾಲ ಇಳಿಬಿಟ್ಟು ನಿಂತಿದ್ದುವು. ಅಂಗಡಿಗೆ ಹೊಸದಾಗಿ ಬಂದ 24 ವೋಲ್ಟಿನ ಯಂತ್ರವೊಂದನ್ನು ನಾನು ಅವರ ಕೈಗಿತ್ತು, ಗುಂಡಿ ತಿರುಗಿಸಿದರೆ ಹೇಗೆ ನಿಧಾನವಾಗುತ್ತದೆಂಬುದನ್ನು ಬಕೆಟ್ಟಿನ ನೀರಿನಲ್ಲಿ ತೋರಿಸಿದೆನು. ಎಲ್ಲ ಕೇಳಿ ಅವರೆಂದರು: "ಇಪ್ಪತ್ನಾಲ್ಕು ವೋಲ್ಟ್ ಅಂದ್ರೆ ಲಾರಿ ಬ್ಯಾಟರಿ ಅಷ್ಟೇ ತಾನೆ? ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋದ್ರೆ ಹನ್ನೆರಡರ ಎರಡು ಬ್ಯಾಟರಿ ಸೇರಿಸಿ ಓಡಿಸಬಹುದಲ್ಲ."

ಇದು ನನಗೂ ಯಜಮಾನರಿಗೂ ಹೊಳೆದಿರಲಿಲ್ಲ. ಗತಿಯನ್ನು ಅರ್ಧಕ್ಕೆ ಇಳಿಸಿದರೆ ಬ್ಯಾಟರಿ ಎಷ್ಟು ಹೆಚ್ಚು ಹೊತ್ತು ಬರುವುದೆಂದು ನಾನು ಅಲ್ಲಿಯೇ ಲೆಕ್ಕ ಹಾಕತೊಡಗಿದೆ. ಹಳೆಯ ಬ್ಯಾಟರಿಗಳೆರಡನ್ನು ಯಜಮಾನರು ತರಿಸಿದ್ದಾರೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಪರೀಕ್ಷೆ.